ನಂಜಕ್ಕನ ಕೈ ಮತ್ತು ಕಾಣದ ತೂಕ

ಇವತ್ತು ಬೆಳಗ್ಗೆ ಪೇಪರಿನ ಒಳಪುಟ ತಿರುವುತ್ತಿದ್ದಾಗ ಒಂದು ಚಂದ್ರಂಕಿಯ ಚಿತ್ರ ಕಂಡಿತು. ಚಂದ್ರಂಕಿ ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ರೇಷ್ಮೆ ಹುಳು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಸಿದ್ಧವಾದಾಗ ಅದನ್ನು ಆರಿಸಿ ಬಿಡುವ ಬಿದಿರಿನ ದೊಡ್ಡ ತಟ್ಟಿ ಅದು. ಚಾಪೆಯಂಥ ಹೆಣಿಗೆಯ ಮೇಲೆ ಬಿದಿರಿನ ಪಟ್ಟಿಯನ್ನು ನಡುವಿನಿಂದ ಶುರುಮಾಡಿ ಅಂಚಿನ ತನಕ ಸುತ್ತು ಸುತ್ತಾಗಿ ನಿಲ್ಲಿಸಿರುತ್ತಾರೆ; ಆ ಸುತ್ತುಗಳ ಸಂದಿನಲ್ಲಿ ಹುಳು ಗೂಡು ಕಟ್ಟುತ್ತದೆ. ಈಗೆಲ್ಲ ಪ್ಲಾಸ್ಟಿಕ್ಕಿನವು ಬಂದಿವೆ. ಇಷ್ಟು ಹಳೆಯ ಚಂದ್ರಂಕಿಯ ಫೋಟೋ ಯಾರಪ್ಪ ಹಾಕಿದರು ಎಂದು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅದು ಚಂದ್ರಂಕಿಯಾಗಿರಲಿಲ್ಲ. ಯಾವುದೋ ದೂರದ ನಕ್ಷತ್ರಗಳ ಗುಂಪು, ಗೆಲಾಕ್ಸಿ.

ಕೆಳಗೆ ಬರೆದದ್ದನ್ನೂ ಓದಿದೆ. ಇಂಥ ಗೆಲಾಕ್ಸಿಗಳ ಅಂಚಿನಲ್ಲಿರುವ ನಕ್ಷತ್ರಗಳು ಲೆಕ್ಕದ ಪ್ರಕಾರ ನಿಧಾನವಾಗಿ ಸುತ್ತಬೇಕಂತೆ. ಆದರೆ ಒಳಗಿನವುಗಳಷ್ಟೇ ಜೋರಾಗಿ ಸುತ್ತುತ್ತಿವೆಯಂತೆ. ಅಷ್ಟು ಜೋರಾಗಿ ಸುತ್ತಿಯೂ ಅವು ಚದುರಿ ಹೋಗದೆ ಇರಬೇಕಾದರೆ, ಅವನ್ನು ಎಳೆದು ಹಿಡಿದಿರುವ, ಕಣ್ಣಿಗೆ ಕಾಣದ ಏನೋ ತೂಕದ ವಸ್ತು ಅಲ್ಲೆಲ್ಲ ತುಂಬಿರಬೇಕು ಎಂದು ಬಹುಪಾಲು ವಿಜ್ಞಾನಿಗಳು ನಂಬಿದ್ದಾರೆ. ಅದಕ್ಕೆ ಕಪ್ಪು ದ್ರವ್ಯ ಎಂದು ಹೆಸರು. ಎಷ್ಟು ಹುಡುಕಿದರೂ ಇನ್ನೂ ಕೈಗೆ ಸಿಕ್ಕಿಲ್ಲ. ಈಗ ಕೆಲವರು, ಅಂಥದ್ದೊಂದು ಬೇಕಾಗಿಯೇ ಇಲ್ಲ, ಅಷ್ಟು ದೂರಕ್ಕೆ ಹೋದರೆ ಎಳೆತದ ನಿಯಮವೇ ಬೇರೆಯಿದ್ದೀತು, ಅದನ್ನು ತಿದ್ದಿದರೆ ಸಾಕು ಎನ್ನುತ್ತಿದ್ದಾರಂತೆ. ಓದಿ ಮುಗಿಸುವಷ್ಟರಲ್ಲಿ ಕಾಫಿ ತಣ್ಣಗಾಗಿತ್ತು.

ನೀವು ನಗಬಹುದು. ಪಿ.ಯು.ಸಿ.ಗೆ ಸೇರಿ ಅರ್ಧಕ್ಕೆ ಬಿಟ್ಟ, ಈಗಲೂ ಸಾರಿಗೆ ಎರಡು ಸಲ ಉಪ್ಪು ಹಾಕಿ ಬೈಸಿಕೊಳ್ಳುವ ಮುದುಕಿಗೆ ನಕ್ಷತ್ರಗಳ ತೂಕದ ಉಸಾಬರಿ ಯಾಕೆ ಎನ್ನಬಹುದು. ಆದರೆ ಈ ಜಗಳ ನನಗೆ ಹೊಸದಲ್ಲ. ಇದನ್ನು ನಾನು ಮೊದಲು ಕೇಳಿದ್ದು ಅರವತ್ತರ ದಶಕದಲ್ಲಿ, ಮೇಲೂರಿನ ನಮ್ಮ ಮನೆಯ ಅಂಗಳದಲ್ಲಿ. ವಿಜ್ಞಾನಿಗಳಿಗೆ ಈ ಜಗಳದಿಂದ ಏನು ನಷ್ಟವಾಗಿದೆಯೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಒಬ್ಬ ಹೆಂಗಸು ತನ್ನ ಜಾಗ ಕಳೆದುಕೊಂಡಳು. ಅವಳ ಹೆಸರು ನಂಜಕ್ಕ, ನನ್ನ ಗಂಡನ ದೊಡ್ಡಕ್ಕ.

ನಾನು ಮದುವೆಯಾಗಿ ಮೇಲೂರಿಗೆ ಬಂದಾಗ ಆ ಮನೆಯಲ್ಲಿ ಇದ್ದದ್ದು ಮೂರೇ ಜನ. ನಂಜಕ್ಕ, ಅವಳ ತಮ್ಮ, ಅಂದರೆ ನನ್ನ ಭಾವ, ಎಲ್ಲರಿಗಿಂತ ಚಿಕ್ಕವರು ನನ್ನವರು. ಭಾವ ಮದುವೆಯಾಗಿರಲಿಲ್ಲ. ಹಿಪ್ಪುನೇರಳೆ ತೋಟವನ್ನೂ ಹುಳುಮನೆಯನ್ನೂ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದರು. ನನ್ನವರು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಊರಿಗೆಲ್ಲ ಮೇಷ್ಟ್ರಾದ ಮೇಲೆ ನನಗೂ ಅವರು ಮೇಷ್ಟ್ರೇ ಆದರು. ಮನೆಯಲ್ಲಿ ಚಮಚ ಬಿದ್ದರೂ ಯಾಕೆ ಬಿತ್ತು ಎಂದು ವಿವರಿಸುವ ಮನುಷ್ಯನನ್ನು ಬೇರೆ ಏನೆಂದು ಕರೆಯುವುದು? ಇನ್ನು ಹುಳುಗಳು. ಲೆಕ್ಕಕ್ಕೆ ಸಿಗದಷ್ಟು. ಮನೆಯ ಒಳ್ಳೆಯ ಕೋಣೆ, ತಂಪು ಕೋಣೆ ಅವುಗಳಿಗೆ. ಮನುಷ್ಯರು ಉಳಿದ ಕಡೆ ಹೊಂದಿಕೊಂಡು ಮಲಗಬೇಕು. ಚಿಕ್ಕಬಳ್ಳಾಪುರದ ಪೇಟೆಬೀದಿಯಲ್ಲಿ ಬೆಳೆದ ನನಗೆ ಮೊದಮೊದಲು ಆ ಕೋಣೆಯ ಹಸಿ ಸೊಪ್ಪಿನ ವಾಸನೆಗೆ ಹೊಟ್ಟೆ ತೊಳೆಸುತ್ತಿತ್ತು. "ವಾಂತಿ ಮಾಡೋದಿದ್ರೆ ಆಚೆ ಹೋಗಮ್ಮ, ಹುಳಕ್ಕೆ ಆಗಲ್ಲ" ಎಂದು ಭಾವ ಬಹಳ ಮರ್ಯಾದೆಯಿಂದ ಹೇಳಿದ್ದರು. ನನಗೆ ಏನಾಯಿತು ಎಂದು ಕೇಳಲಿಲ್ಲ.

ನಂಜಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ದಿಬ್ಬೂರಹಳ್ಳಿಯಿಂದ ತವರಿಗೆ ಬಂದವಳು. ಆ ಕಾಲದಲ್ಲಿ ಅಂಥವರ ಗತಿ ನಿಮಗೆ ನಾನು ಹೇಳಬೇಕಿಲ್ಲ. ಮದುವೆಮನೆಯಲ್ಲಿ ಹಿಂದಿನ ಸಾಲು, ಅರಿಶಿನ ಕುಂಕುಮಕ್ಕೆ ಕರೆಯಿಲ್ಲ, ಯಾರಾದರೂ ಊರಿಗೆ ಹೊರಟರೆ ಎದುರು ಬರಬಾರದು. ಆದರೆ ಒಂದು ಕೆಲಸಕ್ಕೆ ಮಾತ್ರ ಊರಿನವರು ನಂಜಕ್ಕನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮೊಟ್ಟೆಯೊಡೆದು ಹುಳು ಹೊರಗೆ ಬಂದಾಗ, ಕೂದಲ ಚೂರಿನಷ್ಟು ಕಪ್ಪಗೆ ಮಿಸುಕುವ ಆ ಮರಿಗಳಿಗೆ ಮೊದಲ ಸೊಪ್ಪು ಹಾಕಬೇಕಲ್ಲ, ಅದಕ್ಕೆ. ನಂಜಕ್ಕನ ಕೈಗುಣ ಅಂಥದ್ದು ಎನ್ನುತ್ತಿದ್ದರು. ಅವಳು ಮೊದಲ ಸೊಪ್ಪು ಹಾಕಿದ ಹುಳು ಕಾಯಿಲೆ ಬೀಳುವುದಿಲ್ಲ, ಗೂಡು ಗಟ್ಟಿಯಾಗುತ್ತದೆ ಎಂದು ಮೇಲೂರಿನಲ್ಲಿ ಮಾತು. ಕುಂಕುಮವಿಟ್ಟ ಮುತ್ತೈದೆಯರು ಬಾಗಿಲಲ್ಲಿ ನಿಂತು, "ನಂಜಕ್ಕ, ನಾಳೆ ಹುಳ ಹೊರಡ್ತವೆ, ಬಂದು ಒಂದು ಹಿಡಿ ಹಾಕ್ಬುಟ್ಟು ಹೋಗು" ಎಂದು ಬೇಡಿಕೊಳ್ಳುತ್ತಿದ್ದರು. ತಲೆಬಾಗಿಲಿನಿಂದಲೇ ಒಳಗೆ ಕರೆದುಕೊಂಡು ಹೋಗುತ್ತಿದ್ದರು.

ಆ ದಿನಗಳಲ್ಲಿ ಅವಳು ನಡೆಯುವ ರೀತಿಯೇ ಬೇರೆ. ಬೆಳಗಾಗೆದ್ದು ಸ್ನಾನ ಮಾಡಿ, ಯಾರೊಂದಿಗೂ ಮಾತಾಡದೆ, ಎಳೆ ಸೊಪ್ಪನ್ನು ಕುಡುಗೋಲಿನಲ್ಲಿ ಸಣ್ಣಗೆ, ಇನ್ನೂ ಸಣ್ಣಗೆ ಹೆಚ್ಚುತ್ತಿದ್ದಳು. ಕೋಳಿಪುಕ್ಕದಿಂದ ಮರಿಗಳನ್ನು ತಟ್ಟೆಗೆ ಇಳಿಸಿ, ಸೊಪ್ಪನ್ನು ಉದುರಿಸುವಾಗ ಅವಳ ಬೆರಳುಗಳನ್ನೇ ನೋಡುತ್ತ ನಿಂತುಬಿಡಬೇಕು ಅನ್ನಿಸುತ್ತಿತ್ತು. ನಾನು ಒಂದು ಸಲ, "ಅಕ್ಕ, ನಿಮ್ಮ ಕೈಯಲ್ಲಿ ಅಂಥದ್ದೇನಿದೆ?" ಎಂದು ಕೇಳಿದೆ. ಅವಳು ಅಂಗೈ ಬಿಚ್ಚಿ ನನಗೆ ತೋರಿಸಿದಳು. ಸೊಪ್ಪಿನ ಕರೆ ಹಿಡಿದು ಗೆರೆಗಳು ಹಸಿರಾಗಿದ್ದವು. "ಏಮೋ ಕಣಮ್ಮ, ನಂಗೂ ಕಾಣಲ್ಲ. ಆದ್ರೆ ಏನೋ ಇದೆ. ಇಲ್ದಿದ್ರೆ ಇವ್ರೆಲ್ಲ ಯಾಕೆ ಕರೀತಾರೆ?" ಎಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿದ್ದ ಸಂತೋಷವನ್ನು ನಾನು ಬೇರೆ ಯಾವ ಹೊತ್ತಿನಲ್ಲೂ ಕಾಣಲಿಲ್ಲ. ತಮ್ಮಂದಿರಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಆದರೆ ಆ ಮನೆಯಲ್ಲಿ ಅವಳು ತಲೆಯೆತ್ತಿಕೊಂಡು ಇದ್ದದ್ದು ಆ ಕೈಯಿಂದ.

ಮೇಷ್ಟ್ರಿಗೆ ಕೈಗುಣ ಎಂಬ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಅವರಿಗೆ ಇನ್ನೊಂದು ಹುಚ್ಚು. ರಜಾ ಬಂತೆಂದರೆ ಶಿಡ್ಲಘಟ್ಟದಲ್ಲಿ ಚಿಕ್ಕ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಯ ಲೈಬ್ರರಿಯಲ್ಲಿ ಕೂತು ವಿಜ್ಞಾನದ ಇಂಗ್ಲಿಷ್ ಪತ್ರಿಕೆಗಳನ್ನು ಓದಿ ಬರುವುದು. ಆ ರೈಲು ಎಷ್ಟು ನಿಧಾನವೆಂದರೆ ಹೋಗುವಾಗ ಓದಬೇಕೆಂದುಕೊಂಡದ್ದು ಬರುವಾಗ ಹಳೆಯದಾಗಿರುತ್ತಿತ್ತು ಎಂದು ನಾನು ಛೇಡಿಸುತ್ತಿದ್ದೆ. ಬೇರೆಯವರ ಗಂಡಂದಿರು ಬೆಂಗಳೂರಿನಿಂದ ಹೂವೋ ಬಳೆಯೋ ತಂದರೆ ನಮ್ಮವರು ತರುತ್ತಿದ್ದದ್ದು ಸಮಾಚಾರ. ಹಾಗೆ ತಂದ ಸಮಾಚಾರವೊಂದನ್ನು ಒಂದು ಸಂಜೆ, ದೀಪ ಹಚ್ಚಿದ ಮೇಲೆ, ಅಂಗಳದಲ್ಲಿ ಕೂತು ನಮಗೆ ಉಣಬಡಿಸಿದರು. ಗೋಡೆಗೆ ಚಂದ್ರಂಕಿ ಒರಗಿಸಿತ್ತು. ಅದೇ ಅವರಿಗೆ ಕರಿಹಲಗೆಯಾಯಿತು.

"ಅಕ್ಕ, ಇಲ್ಲಿ ನೋಡು. ಈ ನಡುಮಧ್ಯೆ ಸೂರ್ಯ ಅಂದ್ಕೋ. ಹತ್ರ ಇರೋ ಗ್ರಹ ಜೋರಾಗಿ ಓಡುತ್ತೆ. ದೂರ ಹೋದಷ್ಟೂ ನಿಧಾನ."

"ಗೌಡನ ಕಣ್ಣೆದುರಿಗೆ ಇರೋ ಆಳು ಬಗ್ಗಿ ಕೆಲ್ಸ ಮಾಡ್ತಾನೆ, ಹೊಲದ ಆ ಮೂಲೇಲಿರೋನು ಬೀಡಿ ಸೇದ್ತಾ ಕೂತಿರ್ತಾನೆ. ಅಷ್ಟೇ ತಾನೆ?" ಎಂದಳು ನಂಜಕ್ಕ.

"ಹೂಂ, ಅಷ್ಟೇ. ಆದ್ರೆ ಆಕಾಶದಲ್ಲಿ ನಕ್ಷತ್ರದ ಗುಂಪುಗಳವೆ, ಥೇಟ್ ಈ ಚಂದ್ರಂಕಿ ಥರಾನೇ. ಅದ್ರಲ್ಲಿ ಮೂಲೇಲಿರೋನೂ ಬಗ್ಗಿ ಕೆಲ್ಸ ಮಾಡ್ತಾವ್ನಂತೆ. ಅಳತೆ ಮಾಡಿ ನೋಡಿದಾರೆ."

"ಹಂಗಾದ್ರೆ ಆ ಮೂಲೇಲೂ ಒಬ್ಬ ಗೌಡ ಇರ್ತಾನೆ ಬಿಡು. ನಿಂಗೆ ಕಾಣ್ಸಲ್ಲ, ಅಷ್ಟೇ."

ಮೇಷ್ಟ್ರು ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು. "ಅಲ್ಲೂ ಕೆಲವ್ರು ಹಂಗೇ ಅಂತಾರೆ ಕಣಕ್ಕ. ಕಾಣದ ತೂಕ ಏನೋ ಇದೆ, ಅದು ಎಳೀತಾ ಇದೆ ಅಂತ. ನಂಗೆ ಒಪ್ಪಲ್ಲ. ಲೆಕ್ಕ ತಾಳೆ ಆಗ್ಲಿಲ್ಲ ಅಂದ್ರೆ ಮೊದ್ಲು ಸೂತ್ರ ಸರಿಯಾಗಿದ್ಯಾ ನೋಡ್ಬೇಕು. ಅದು ಬಿಟ್ಟು ಕಾಣ್ದೆ ಇರೋದನ್ನೆಲ್ಲ ಇದೆ ಇದೆ ಅಂತ ಸೇರಿಸ್ಕೊಂಡು ಹೋದ್ರೆ ಅದಕ್ಕೆ ಕೊನೆ ಎಲ್ಲಿ? ದೆವ್ವ, ದೃಷ್ಟಿ, ನಿನ್ನ ಕೈಗುಣ, ಎಲ್ಲಾ ಹಂಗೇ ಹುಟ್ಟಿದ್ದು."

"ನನ್ನ ಕೈನ ಯಾಕೋ ಆಕಾಶಕ್ಕೆ ಎಳೀತೀಯ?" ಎಂದು ನಂಜಕ್ಕ ನಕ್ಕಳು. "ನಿನ್ನ ಗೌಡ ಇದ್ರೆ ಇರ್ಲಿ, ಇಲ್ದಿದ್ರೆ ಹೋಗ್ಲಿ. ಎದ್ದು ಊಟಕ್ಕೆ ಬಾ."

ಆಗ ಅದು ನಗುವ ಮಾತಾಗಿತ್ತು.

ಮಾರನೆಯ ವರ್ಷ ನಮ್ಮ ಬೆಳೆ ಕೆಡತೊಡಗಿತು. ಹುಳು ಚೆನ್ನಾಗಿಯೇ ಬೆಳೆಯುತ್ತಿತ್ತು. ಹುಳು ಪೊರೆ ಬಿಡುವ ಮೊದಲು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಮಂಕಾಗಿ ನಿಲ್ಲುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರವನ್ನೂ ದಾಟಿ, ಗಬಗಬ ತಿಂದು, ಮೈ ಹಳದಿಗೆ ತಿರುಗಿ ಹಣ್ಣಾಗುತ್ತಿತ್ತು. ಇನ್ನೇನು ಗೂಡು ಕಟ್ಟಬೇಕು, ಚಂದ್ರಂಕಿಗೆ ಬಿಟ್ಟ ಮೇಲೆ ಹಸಿರು ನೀರು ಕಾರಿ, ಹೊರಳಾಡಿ ಸಾಯುತ್ತಿತ್ತು. ಕೆಲವು ನಾಲ್ಕು ಎಳೆ ಸುತ್ತಿ ಅರ್ಧದಲ್ಲೇ ಕಪ್ಪಾಗುತ್ತಿದ್ದವು. ಮೊದಲ ಸಲ ಬಿಸಿಲು ಹೆಚ್ಚಾಯಿತು ಎಂದರು. ಎರಡನೇ ಸಲ ಸೊಪ್ಪು ಬಲಿತಿತ್ತು ಎಂದರು. ಮೂರನೇ ಸಲ ಯಾರೂ ಏನೂ ಅನ್ನಲಿಲ್ಲ. ನಂಜಕ್ಕನ ಕೈಯನ್ನು ನೋಡಿದರು.

ಇಷ್ಟು ದಿನ ಎಲ್ಲ ಒಳ್ಳೆಯದಕ್ಕೂ ಆ ಕೈಯೇ ಕಾರಣವಾಗಿದ್ದ ಮೇಲೆ ಕೆಟ್ಟದ್ದಕ್ಕೆ ಬೇರೆ ಕಾರಣ ಹುಡುಕಲು ಯಾರಿಗೆ ಪುರಸೊತ್ತು? ಊರಿನಲ್ಲಿ ಮಾತು ಹಬ್ಬಿತು. ಕೈಗುಣ ತಿರುಗಿಬಿಟ್ಟಿದೆ ಎಂದರು. ಎಷ್ಟೇ ಆಗಲಿ ಗಂಡ ಸತ್ತವಳು, ಇಷ್ಟು ದಿನ ನಡೆದದ್ದೇ ಹೆಚ್ಚು ಎಂದರು. ಹುಳು ಹೊರಡುವ ಹೊತ್ತಿಗೆ ನಮ್ಮ ಬಾಗಿಲಲ್ಲಿ ನಿಂತು ಕರೆಯುತ್ತಿದ್ದ ಹೆಂಗಸರು ಈಗ ಪಕ್ಕದ ಓಣಿಯಲ್ಲಿ ಸುತ್ತಿಕೊಂಡು ಹೋಗತೊಡಗಿದರು. ನಂಜಕ್ಕ ಮೊದಲ ಕೆಲವು ದಿನ ಸ್ನಾನ ಮಾಡಿ ಕಾದಳು. ಆಮೇಲೆ ಕಾಯುವುದನ್ನು ಬಿಟ್ಟಳು. ಅವಳನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಒಂದು ದಿನ ಊಟ ಮಾಡುತ್ತಿದ್ದಾಗ ಭಾವ, ಮುದ್ದೆ ಮುರಿಯುತ್ತ, ಅವಳ ಮುಖ ನೋಡದೆ ಹೇಳಿದರು: "ಅಕ್ಕ, ನಾನು ನಂಬ್ತೀನಿ ಅಂತಲ್ಲ. ಆದ್ರೆ ಊರೆಲ್ಲ ಅಂತಾ ಇದಾರೆ. ಈ ಸಲ ನೀನು ಸೊಪ್ಪು ಹಾಕೋದು ಬೇಡ. ಒಂದು ನಾಲ್ಕು ತಿಂಗ್ಳು ದಿಬ್ಬೂರಹಳ್ಳಿಗೆ ಹೋಗಿ ಇದ್ದು ಬಾ."

ದಿಬ್ಬೂರಹಳ್ಳಿಯಲ್ಲಿ ಅವಳಿಗೆ ಯಾರಿದ್ದರು? ಸತ್ತ ಗಂಡನ ತಮ್ಮ, ಅವನ ಸಂಸಾರ. ಅಲ್ಲಿ ಅವಳು ಹಿಂದಿನ ಬಾಗಿಲಿನ ಹೆಂಗಸು. ನಾಲ್ಕು ತಿಂಗಳು ಎಂದು ಹೋದವರು ಮತ್ತೆ ಬರುವುದಿಲ್ಲ ಎಂಬುದು ಊಟಕ್ಕೆ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ಎದ್ದು ನಿಂತರು. ಅಷ್ಟು ಕೋಪದಲ್ಲಿ ನಾನು ಅವರನ್ನು ನೋಡಿರಲಿಲ್ಲ.

"ಯಾರೂ ಎಲ್ಲಿಗೂ ಹೋಗ್ಬೇಕಾಗಿಲ್ಲ. ಅಕ್ಕನ ಕೈಯಲ್ಲಿ ಕೇಡೂ ಇಲ್ಲ, ಏನೂ ಇಲ್ಲ. ಬಾಯಲ್ಲಿ ಹೇಳಿದ್ರೆ ನೀನು ಕೇಳಲ್ಲ. ಪರೀಕ್ಷೆ ಮಾಡಿ ತೋರಿಸ್ತೀನಿ."

ಪರೀಕ್ಷೆ ಹೀಗೆ. ಒಂದೇ ಕಡೆಯಿಂದ ತಂದ ಮೊಟ್ಟೆಯನ್ನು ಎರಡು ಪಾಲು ಮಾಡುವುದು. ಒಂದೇ ಕೋಣೆ, ಒಂದೇ ತೋಟದ ಸೊಪ್ಪು. ಎಡಗಡೆ ತಟ್ಟೆಗಳಿಗೆ ಮೊದಲಿಂದ ಕೊನೆಯ ತನಕ ನಂಜಕ್ಕನೇ ಸೊಪ್ಪು ಹಾಕಬೇಕು. ಬಲಗಡೆಯವಕ್ಕೆ, ಕೈಗುಣದ ಗಂಧವೇ ಇಲ್ಲದ ಒಬ್ಬರು. ಅದು ನಾನು. "ನಿನ್ನಷ್ಟು ಯೋಗ್ಯರು ಸಿಗಲ್ಲ ಕಣೇ" ಎಂದರು ಮೇಷ್ಟ್ರು. ಇದನ್ನು ಹೊಗಳಿಕೆ ಎಂದು ತೆಗೆದುಕೊಳ್ಳುವಷ್ಟು ಹೊಸ ಮದುವಣಗಿತ್ತಿಯಾಗಿ ನಾನಾಗ ಉಳಿದಿರಲಿಲ್ಲ. ಭಾವ ಒಪ್ಪಿದರು. ಅಕ್ಕ ಒಪ್ಪುತ್ತಾಳೋ ಇಲ್ಲವೋ ಎಂದು ಎಲ್ಲರೂ ಅವಳ ಕಡೆ ನೋಡಿದೆವು. "ಮಾಡ್ರಪ್ಪ. ನನ್ನ ಕೈ ಏನಾಗಿದೆ ಅಂತ ನಂಗೂ ಗೊತ್ತಾಗ್ಲಿ" ಎಂದಳು.

ಆ ಬೆಳೆಯನ್ನು ನಾನು ಮರೆಯುವುದಿಲ್ಲ. ನನ್ನ ಕಡೆಯ ತಟ್ಟೆಗಳಲ್ಲಿ ಒಂದು ಹುಳು ಜ್ವರಕ್ಕೆ ಕೂತರೆ ಇನ್ನೊಂದು ತಿನ್ನುತ್ತಿತ್ತು. ಒಂದು ದಪ್ಪ, ಒಂದು ಸಣಕಲು. ಸೊಪ್ಪು ಒಂದು ಕಡೆ ರಾಶಿ, ಒಂದು ಕಡೆ ಖಾಲಿ. ಎಡಗಡೆ ನೋಡಿದರೆ ಎಲ್ಲವೂ ಒಟ್ಟಿಗೆ ಮಲಗಿ ಒಟ್ಟಿಗೆ ಏಳುತ್ತಿದ್ದವು, ಒಂದೇ ತಾಯಿಯ ಮಕ್ಕಳ ಹಾಗೆ ಒಂದೇ ಅಳತೆ. ಭಾವ ದಿನವೂ ಬಂದು ಎರಡು ಕಡೆಯನ್ನೂ ನೋಡಿ ಸುಮ್ಮನೆ ಹೋಗುತ್ತಿದ್ದರು. ನಾನು ಮೇಷ್ಟ್ರಿಗೆ ಹೇಳಿದೆ: "ರೀ, ಅಕ್ಕನ ತಟ್ಟೆ ನೋಡಿದ್ರಾ? ನನ್ನದಕ್ಕೂ ಅದಕ್ಕೂ ಅಜಗಜಾಂತರ." ಅವರು, "ಅದೆಲ್ಲ ಈಗ ಲೆಕ್ಕಕ್ಕಿಲ್ಲ ಕಣೇ. ಕೊನೇಲಿ ಸಾಯುತ್ತೋ ಇಲ್ವೋ, ಅಷ್ಟೇ ನೋಡ್ಬೇಕು" ಎಂದರು. ಅವರ ಮಟ್ಟಿಗೆ ಅದು ಸರಿ. ಅಕ್ಕನ ಮೇಲಿದ್ದ ಆಪಾದನೆ ಅದೊಂದೇ ತಾನೆ.

ಹುಳು ಹಣ್ಣಾದವು. ಚಂದ್ರಂಕಿಗೆ ಬಿಟ್ಟೆವು. ನಂಜಕ್ಕನ ಹುಳು ಬೇರೆ ಚಂದ್ರಂಕಿಗೆ, ನನ್ನವು ಬೇರೆಯದಕ್ಕೆ. ಮಾರನೆಯ ಬೆಳಗ್ಗೆ ಹೋಗಿ ನೋಡಿದರೆ ಎರಡು ಕಡೆಯೂ ಹಸಿರು ನೀರು. ಎರಡು ಕಡೆಯೂ ಸಾಯುತ್ತಿದ್ದವು.

ಮೇಷ್ಟ್ರ ಸಂಭ್ರಮ ಹೇಳತೀರದು. ಬೆಳೆ ಪೂರ್ತಿ ಹಾಳಾಗಿದೆ, ಅಂಗಳದಲ್ಲಿ ಸತ್ತ ಹುಳುವಿನ ನಾತ ಅಡರುತ್ತಿದೆ, ಈ ಮನುಷ್ಯ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತಿದ್ದಾರೆ. "ನೋಡ್ರಪ್ಪ, ಸರಿಯಾಗಿ ನೋಡ್ಕೊಳ್ಳಿ. ಇದು ಅಕ್ಕನ ಕೈ, ಇದು ನನ್ನ ಹೆಂಡ್ತಿ ಕೈ. ಏನಾದ್ರೂ ವ್ಯತ್ಯಾಸ ಇದ್ಯಾ? ಎರಡೂ ಒಂದೇ! ಕೈಯಲ್ಲಿ ಏನೂ ಇಲ್ಲ, ಏನೂ ಇಲ್ಲ ಅಂತ ಬಡ್ಕೊಂಡೆ!" ಬಂದವರು ತಲೆದೂಗಿದರು. ಭಾವ ಮುಂದೆ ಬಂದು, "ತಪ್ಪಾಯ್ತು ಕಣಕ್ಕ" ಎಂದರು. ಆಪಾದನೆ ಕಳಚಿತು. ಇನ್ನು ಅವಳು ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ನಂಜಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಎಲ್ಲರೂ ಹೋದ ಮೇಲೆ ತಮ್ಮನ ಹತ್ತಿರ ಬಂದು ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ಏನೂ ಇಲ್ವೇನೋ?"

"ಇಲ್ಲಕ್ಕ. ನೀನೇ ನೋಡಿದ್ಯಲ್ಲ."

"ಮೊದ್ಲೂ ಇರ್ಲಿಲ್ವಾ?"

ಮೇಷ್ಟ್ರು ಆಗಲಾದರೂ ಅವಳ ಮುಖ ನೋಡಬೇಕಿತ್ತು. ಗೆದ್ದ ಉತ್ಸಾಹದಲ್ಲಿದ್ದರು. "ಎಲ್ಲಿಂದ ಬರುತ್ತಕ್ಕ? ಆಗ ಬೆಳೆ ಚೆನ್ನಾಗಿ ಬಂತು, ನಿನ್ನ ಹೆಸ್ರು ಹೇಳಿದ್ರು. ಈಗ ಕೆಟ್ಟಿತು, ನಿನ್ನ ಹೆಸ್ರು ಹೇಳಿದ್ರು. ಯಾರ ಕೈಯಾದ್ರೂ ಅಷ್ಟೇ."

ನಾನು ಅಡುಗೆಮನೆಯಲ್ಲಿ ಅವಳ ಪಕ್ಕ ಕೂತು, "ಅಕ್ಕ, ನಿಮ್ಮ ತಟ್ಟೆಯ ಹುಳ ಎಷ್ಟು ಚೆನ್ನಾಗಿದ್ವು. ನಾನು ಕಣ್ಣಾರೆ ನೋಡಿದೀನಿ" ಎಂದೆ. "ಸಮಾಧಾನಕ್ಕೆ ಹೇಳ್ಬೇಡ ಕಣಮ್ಮ" ಎಂದು ಎದ್ದು ಹೋದಳು.

ಕೆಲವೇ ದಿನಗಳಲ್ಲಿ ನಂಜಕ್ಕ ದಿಬ್ಬೂರಹಳ್ಳಿಗೆ ಹೊರಟಳು. ಈ ಸಲ ಯಾರೂ ಕಳಿಸಲಿಲ್ಲ. ತಮ್ಮಂದಿರಿಬ್ಬರೂ ಬೇಡವೆಂದು ಗೋಗರೆದರು. "ಇಲ್ಲಿ ನಂಗೇನು ಕೆಲ್ಸ?" ಎಂದಳು. ಮೇಷ್ಟ್ರಿಗೆ ಅರ್ಥವೇ ಆಗಲಿಲ್ಲ. "ಕೇಡಿಲ್ಲ ಅಂತ ತೋರಿಸಿದ್ನಲ್ಲೇ, ಇನ್ನೂ ಯಾಕೆ ಹೋಗ್ತಾಳೆ?" ಎಂದು ನನ್ನನ್ನು ಕೇಳಿದರು. ಆಕಾಶದ ಲೆಕ್ಕವೆಲ್ಲ ಗೊತ್ತಿದ್ದ ಮನುಷ್ಯ. ಅವರ ಮೇಲೆ ನನಗೆ ಸಿಟ್ಟೂ ಬಂತು, ಕನಿಕರವೂ ಬಂತು.

ಹುಳು ಯಾಕೆ ಸತ್ತವು ಎಂಬುದು ಆಮೇಲೆ ಹೊಳೆಯಿತು, ಅದೂ ಪೂರ್ತಿಯಾಗಿ ಅಲ್ಲ. ಆಗ ಮಲೇರಿಯಾದವರು ಊರೂರಿಗೆ ಬಂದು ಗೋಡೆಗಳಿಗೆ ಔಷಧಿ ಹೊಡೆಯುತ್ತಿದ್ದರು. ರೇಷ್ಮೆ ಮನೆಯವರಿಗೆ ಅದು ಹುಳುವಿಗೆ ವಿಷವೆಂದು ಗೊತ್ತು. ಹುಳುಮನೆಗೆ ಬೀಗ ಹಾಕಿಬಿಡುತ್ತಿದ್ದರು. ಭಾವನೂ ಹಾಗೆಯೇ ಮಾಡಿದ್ದರು. ಆದರೆ ಸರ್ಕಾರದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಎಂಬ ಸಂಕೋಚಕ್ಕೆ, "ಬೇಕಾದ್ರೆ ದನದ ಕೊಟ್ಟಿಗೆಗೆ ಹೊಡೀರಿ ಸ್ವಾಮಿ" ಎಂದು ತಾವೇ ಕರೆದು ತೋರಿಸಿದ್ದರು. ಬೆಳೆಯಿಲ್ಲದ ದಿನಗಳಲ್ಲಿ ನಮ್ಮ ಚಂದ್ರಂಕಿಗಳೆಲ್ಲ ಒರಗಿಕೊಂಡಿರುತ್ತಿದ್ದದ್ದು ಆ ಕೊಟ್ಟಿಗೆಯ ಗೋಡೆಗೇ. ಒಂದು ದಿನ ಮೇಷ್ಟ್ರು ಕೊಟ್ಟಿಗೆಯಲ್ಲಿ ಗೋಡೆಗೆ ಬೆರಳು ಒರೆಸಿ, ಅಂಟಿದ ಔಷಧಿಯ ಪುಡಿ ನೋಡಿಕೊಂಡು, ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು.

ಹಳೆಯ ಚಂದ್ರಂಕಿಗಳನ್ನು ಸುಟ್ಟು ಹೊಸವನ್ನು ಹೆಣೆಸಿದೆವು. ಅದೇ ಸಮಯಕ್ಕೆ ಭಾವ ಸೊಪ್ಪಿನ ತೋಟ ಬದಲಾಯಿಸಿದರು, ಊರ ದೇವತೆಗೆ ಪೂಜೆಯನ್ನೂ ಮಾಡಿಸಿದರು. ಬೆಳೆ ಬಂತು. ಮೂರನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದರಿಂದ ಬಂತೆಂದು ಯಾರೂ ಹೇಳುವಂತಿರಲಿಲ್ಲ. ಮೇಷ್ಟ್ರು, "ನನ್ನ ಪರೀಕ್ಷೆ ಕುಲಗೆಡಿಸಿಬಿಟ್ಯಲ್ಲೋ ಅಣ್ಣ" ಎಂದು ಗೊಣಗಿದರು. "ಬೆಳೆ ಬಂತಲ್ಲೋ, ಸುಮ್ನಿರು" ಎಂದರು ಭಾವ.

ಆ ಮೇಲೆ ಮೊದಲ ಸೊಪ್ಪು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬೆಳೆ ಬರುತ್ತಿತ್ತು, ನಿಜ. ಆದರೆ ನಂಜಕ್ಕನ ಕಾಲದ ಗೂಡಿನ ಗಟ್ಟಿತನ ಬರಲೇ ಇಲ್ಲ. ಕೈಯಲ್ಲಿ ಹಿಡಿದು ಒತ್ತಿದರೆ ಗೊತ್ತಾಗುತ್ತಿತ್ತು. ಮೇಷ್ಟ್ರು ಕಾರಣ ಹುಡುಕಿದರು. ಮಳೆ ಕಡಿಮೆ, ಸೊಪ್ಪಿನ ತೋಟ ಹೊಸದು, ನಾನು ಸೊಪ್ಪನ್ನು ದಪ್ಪಗೆ ಹೆಚ್ಚುತ್ತೇನೆ. ನಾನು ಸಣ್ಣಗೆ ಹೆಚ್ಚಿದೆ. ತೋಟ ಹಳೆಯದಾಯಿತು. ಮಳೆಯೂ ಬಂತು. ಎಲ್ಲ ಕಾರಣಗಳನ್ನು ಕೂಡಿಸಿದರೂ ಕೊನೆಗೆ ಸ್ವಲ್ಪ ಉಳಿದೇ ಉಳಿಯುತ್ತಿತ್ತು. ಅದಕ್ಕೆ ಅವರ ಹತ್ತಿರ ಹೆಸರಿರಲಿಲ್ಲ. ಭಾವ ದಿಬ್ಬೂರಹಳ್ಳಿಗೆ ಹೋಗಿ, "ಬಾರಕ್ಕ, ಹುಳ ಹೊರಡ್ತವೆ" ಎಂದು ಕರೆದರು. ನಂಜಕ್ಕ ಬರಲಿಲ್ಲ. "ಯಾರ ಕೈಯಾದ್ರೇನಪ್ಪ" ಎಂದು ಹೇಳಿ ಕಳಿಸಿದಳು.

ನಾವು ಅವಳನ್ನು ಕೊನೆಯ ಸಲ ನೋಡಿದ್ದು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ. ಕಾಯಿಲೆ ಎಂದು ಸುದ್ದಿ ಬಂದು ನಾನೂ ಮೇಷ್ಟ್ರೂ ದಿಬ್ಬೂರಹಳ್ಳಿಗೆ ಹೋದೆವು. ಹಿತ್ತಲ ಕಡೆಯ ಕೋಣೆಯಲ್ಲಿ ಮಲಗಿದ್ದಳು. ಪಕ್ಕದ ಕೋಣೆಯಲ್ಲೇ ಆ ಮನೆಯವರ ಹುಳು. ಸೊಪ್ಪು ತಿನ್ನುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಅವಳು ಒಂದು ದಿನವೂ ಅತ್ತ ಹೋಗಲಿಲ್ಲವಂತೆ. ಅಂಗೈ ಬಿಳಿಚಿಕೊಂಡಿತ್ತು. ಹಸಿರು ಕರೆಯೆಲ್ಲ ಯಾವತ್ತೋ ಹೋಗಿತ್ತು. ಮೇಷ್ಟ್ರನ್ನು ಕಂಡು ನಕ್ಕಳು.

"ಚಂದ್ರನ ತನಕ ಹೋದ್ರಂತಲ್ಲೋ. ನಿನ್ನ ಗೌಡ ಸಿಕ್ನಾ?"

ಮೇಷ್ಟ್ರಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಹೇಳಿದರು: "ಇಲ್ಲಕ್ಕ. ಅದು ಚಂದ್ರನಿಗಿಂತ ಎಷ್ಟೋ ದೂರ. ಇನ್ನೂ ಹುಡುಕ್ತಾ ಇದಾರೆ."

"ಕಾಣ್ದೆ ಇದ್ರೂ ಹುಡುಕ್ತಾನೇ ಇದಾರಾ?"

"ಹೂಂ."

"ನನ್ನದನ್ನ ಒಂದೇ ಬೆಳೆಗೆ ನೋಡಿ ಬಿಟ್ಬಿಟ್ಟೆ."

ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಮೇಷ್ಟ್ರು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇತ್ತಕ್ಕ. ನಿನ್ನ ಕೈಯಲ್ಲಿ ಇತ್ತು. ನಂಗೆ ಗೊತ್ತಾಗ್ಲಿಲ್ಲ" ಎಂದರು.

ನಂಜಕ್ಕ ತಮ್ಮನನ್ನು ಬಹಳ ಹೊತ್ತು ನೋಡಿದಳು. ಒಂದು ಕ್ಷಣ ಅವಳ ಮುಖದಲ್ಲಿ ಆ ಹಳೆಯ ಸಂತೋಷ ಬಂದೀತು ಎಂದು ನಾನು ಕಾದೆ. ಬರಲಿಲ್ಲ.

"ಹೆಂಗೆ ಗೊತ್ತೋ?" ಎಂದಳು. "ನೋಡ್ದೆ ಸುಮ್ನೆ ಹೇಳ್ಬೇಡ ಕಣಪ್ಪ. ನೀನೇ ಅಲ್ವಾ ಹೇಳ್ಕೊಟ್ಟಿದ್ದು."

ಬಸ್ಸಿನಲ್ಲಿ ವಾಪಸು ಬಂದ ಮೇಷ್ಟ್ರು ಶಿಡ್ಲಘಟ್ಟದಲ್ಲಿ ಇಳಿದ ಮೇಲೆ, "ಎರಡೂ ಕಡೆ ಸತ್ತವು. ಅದ್ರಿಂದ ಕೇಡಿಲ್ಲ ಅಂತ ಮಾತ್ರ ಗೊತ್ತಾಯ್ತು. ಒಳ್ಳೇದಿಲ್ಲ ಅಂತ ಎಲ್ಲಿ ಗೊತ್ತಾಯ್ತು? ಇಷ್ಟೂ ಹೊಳೀಲಿಲ್ವಲ್ಲೇ ನಂಗೆ" ಎಂದರು. ಇದನ್ನು ದಿಬ್ಬೂರಹಳ್ಳಿಗೆ ಹೋಗಿ ಅವಳಿಗೆ ವಿವರಿಸಿ ಹೇಳಬೇಕು ಎಂದು ಹೊರಡುವ ಮುಂಚೆಯೇ ಅವಳು ತೀರಿಕೊಂಡ ಸುದ್ದಿ ಬಂತು.

ಅದಾದ ಮೇಲೆ ಮೇಷ್ಟ್ರು ಬಹಳ ವರ್ಷ ಬದುಕಿದ್ದರು. ಚಿಕ್ಕಬಳ್ಳಾಪುರಕ್ಕೆ ಬಂದೆವು. ಕಾಣದ ತೂಕದ ವಿಷಯ ಎಲ್ಲಿ ಬಂದರೂ ಹುಡುಕಿ ಓದುತ್ತಿದ್ದರು. ಅಂಚಿನ ನಕ್ಷತ್ರಗಳು ಜೋರಾಗಿಯೇ ಸುತ್ತುತ್ತವೆ, ಒಂದರಲ್ಲಿ ಅಲ್ಲ, ನೋಡಿದ ಗೆಲಾಕ್ಸಿಗಳಲ್ಲೆಲ್ಲ ಹಾಗೆಯೇ ಎಂದು ಸುದ್ದಿ ಬಂದಾಗ, ಕಾಣದ್ದು ಇರಲೇಬೇಕು ಎನ್ನುವವರ ಗುಂಪು ದೊಡ್ಡದಾದಾಗ, ಅವರಿಗೆ ಬೇಸರವಾಗಬೇಕಿತ್ತು. ತಾವು ಅಷ್ಟು ವರ್ಷ ವಾದಿಸಿದ್ದು ತಪ್ಪೆಂದು ಆಗುತ್ತಿತ್ತಲ್ಲ. ಆದರೆ ಅಂಥ ದಿನ ಅವರು ಎರಡು ಹೊತ್ತೂ ಸರಿಯಾಗಿ ಊಟ ಮಾಡುತ್ತಿದ್ದರು. "ಇರ್ಬೇಕು ಕಣೇ. ಇದ್ದೇ ಇರ್ಬೇಕು" ಎಂದು ನನಗೆ ಓದಿ ಹೇಳುತ್ತಿದ್ದರು. ಸಿಗಲಿ ಎಂದು ಅವರಷ್ಟು ಕಾದವರು ಆ ಲೈಬ್ರರಿಯ ಪತ್ರಿಕೆಗಳಲ್ಲಿ ಬರೆಯುವವರಲ್ಲೂ ಇರಲಿಕ್ಕಿಲ್ಲ. ಕಾಯುತ್ತಲೇ ಹೋದರು.

ಈಗ ನಡುಮನೆಯ ಗೋಡೆಯ ಮೇಲೆ ಅವರ ಫೋಟೋ ಇದೆ. ಪೇಪರಿನಲ್ಲಿ ಸ್ವಾರಸ್ಯದ್ದು ಏನಾದರೂ ಬಂದರೆ ಅದರ ಮುಂದೆ ನಿಂತು ಗಟ್ಟಿಯಾಗಿ ಓದುವುದು ನನಗೆ ರೂಢಿ; ಮನೆಯವರು ಮುದುಕಿಗೆ ಅರಳುಮರಳು ಎಂದು ಸುಮ್ಮನಿರುತ್ತಾರೆ. ಇವತ್ತೂ ಓದೋಣವೆಂದು ಪೇಪರ್ ಹಿಡಿದು ಎದ್ದೆ. ಅವರ ಮೊದಲಿನ ವಾದವೇ ಸರಿ ಎನ್ನುವವರು ಕೊನೆಗೂ ಪೇಪರಿನಲ್ಲಿ ಬಂದಿದ್ದಾರೆ; ಕಾಣದ್ದು ಬೇಕಾಗಿಯೇ ಇಲ್ಲವಂತೆ. ಆ ವಿಜ್ಞಾನಿಗಳು ಹೇಳುವುದು ನಿಜವಿದ್ದರೂ ಇರಬಹುದು. ನನಗೆ ಆ ಲೆಕ್ಕ ಬರುವುದಿಲ್ಲ.

ಫೋಟೋದ ತನಕ ಹೋದೆ. ಅವರ ಮುಖ ನೋಡಿದೆ. ಓದಲಿಲ್ಲ.